ಮಾವನವರ ರೇಟು ಪುಸ್ತಕ

ಓದುವವರು ಯಾರೂ ಇಲ್ಲದಿದ್ದರೂ ಎಸೆಯಲು ಮನಸ್ಸು ಬಾರದ ಪುಸ್ತಕ ಎಲ್ಲರ ಮನೆಯಲ್ಲೂ ಒಂದಾದರೂ ಇರುತ್ತದೆ. ನನ್ನ ತವರಿನಲ್ಲಿ ಹಳೆಯ ಪಂಚಾಂಗಗಳ ಒಂದು ಕಟ್ಟಿತ್ತು. ಮುಗಿದುಹೋದ ವರ್ಷಗಳ ರಾಹುಕಾಲ, ಗುಳಿಕಕಾಲ ಈಗ ಯಾರಿಗೆ ಬೇಕು? ಆದರೂ ಅಪ್ಪ ಅದನ್ನು ಅಟ್ಟದಿಂದ ಇಳಿಸಲು ಬಿಡುತ್ತಿರಲಿಲ್ಲ. ರೈಲ್ವೆಯಲ್ಲಿದ್ದ ಚಿಕ್ಕಪ್ಪನ ಮನೆಯಲ್ಲಿ ಎಂದೋ ಓಡಿ ನಿಂತ ರೈಲುಗಳ ವೇಳಾಪಟ್ಟಿ. 1992ರ ಮೇ ತಿಂಗಳಲ್ಲಿ ನಾನು ಮದುವೆಯಾಗಿ ಕುಂದಾಪುರಕ್ಕೆ ಬಂದಾಗ, ಆ ಮನೆಯಲ್ಲೂ ಅಂಥದೊಂದು ಪುಸ್ತಕ ನನ್ನನ್ನು ಕಾದುಕೊಂಡಿತ್ತು. ಅದಕ್ಕೆ ಮನೆಯವರೆಲ್ಲ ಇಟ್ಟ ಹೆಸರು ‘ರೇಟು ಪುಸ್ತಕ’.

ಕ್ಯಾಲೆಂಡರಿನ ದಪ್ಪ ಹಾಳೆಯ ಹೊದಿಕೆ, ಬೆನ್ನಿಗೆ ಗೋಂದು ಹಚ್ಚಿ ಅಂಟಿಸಿದ ಬಟ್ಟೆಯ ಪಟ್ಟಿ, ಒಳಗೆ ಹಳದಿಗಟ್ಟಿದ ಹಾಳೆಗಳು. ಹಾಳೆ ತುಂಬ ದುಂಡು ದುಂಡಾದ ಚಿತ್ರಗಳು, ಚಿತ್ರದ ಪಕ್ಕ ಒಂದು ಕ್ರಮಸಂಖ್ಯೆ, ಅದರ ಮುಂದೆ ಡಾಲರಿನಲ್ಲಿ ಬೆಲೆ. ಅಕ್ಕಿ, ಬೇಳೆ, ಸೀಮೆಎಣ್ಣೆಯ ರೇಟಲ್ಲ. ಹೊರದೇಶಗಳ ಹಳೆಯ ನಾಣ್ಯಗಳ ರೇಟು. ಯಾರಾದರೂ ನೆಂಟರು ಬಂದು, “ಏನು ಮಾರಾಯ್ರೆ, ಇನ್ನೂ ಈ ಪುಸ್ತಕ ಉಂಟಾ?” ಎಂದರೆ ನಮ್ಮತ್ತೆಯವರು ಒಳಗಿನಿಂದಲೇ, “ರೇಟು ಎಲ್ಲ ಬರೆದದ್ದುಂಟು, ಕೊಳ್ಳುವವರ ವಿಳಾಸ ಮಾತ್ರ ಬರೆಯಲಿಲ್ಲ” ಎನ್ನುತ್ತಿದ್ದರು.

ಈ ಹುಚ್ಚು ಮಾವನವರಿಗೆ ಹತ್ತಿದ್ದು ಶೋಕಿಯಿಂದಲ್ಲ, ನಷ್ಟದಿಂದ. ಅದನ್ನು ಮೊದಲು ಹೇಳಬೇಕು.

ನಮ್ಮ ಕಡೆಯ ಅನೇಕರಂತೆ ಮಾವನವರೂ ಹುಡುಗನಾಗಿದ್ದಾಗಲೇ ಮುಂಬಯಿಗೆ ಹೋಗಿ ಹೋಟೆಲು ಸೇರಿದವರು. ತಟ್ಟೆ ಲೋಟ ತೊಳೆಯುವುದರಿಂದ ಹಿಡಿದು, ಮಾಣಿಯಾಗಿ, ಕೊನೆಗೆ ಕೋಟೆ ಪ್ರದೇಶದ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುವಷ್ಟಕ್ಕೆ ಬಂದರು. ಬಂದರು ಹತ್ತಿರ, ಬಲ್ಲಾರ್ಡ್ ಪಿಯರ್ ಕಡೆಯಿಂದ ಹಡಗಿನ ಕೆಲಸಗಾರರು, ಹೊರಗಿನ ನಾವಿಕರು ಚಹಾಕ್ಕೆ, ಊಟಕ್ಕೆ ಬರುತ್ತಿದ್ದರು. ಮಧ್ಯಾಹ್ನದ ಗದ್ದಲದಲ್ಲಿ ಚಿಲ್ಲರೆಯ ರಾಶಿಯೊಳಗೆ ನಮ್ಮದಲ್ಲದ ನಾಣ್ಯ ನುಸುಳಿಬಿಡುತ್ತಿತ್ತು. ರಾತ್ರಿ ಲೆಕ್ಕ ಒಪ್ಪಿಸುವಾಗ ನಡೆಯದ ನಾಣ್ಯ ಕಂಡರೆ ಧಣಿಗಳು ಅದನ್ನು ಮಾವನವರ ಕಡೆಗೇ ತಳ್ಳಿ ಅಷ್ಟು ದುಡ್ಡನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಿದ್ದರು. ನಾಲ್ಕಾಣೆ, ಎಂಟಾಣೆ. ಊರಿಗೆ ಮನಿಯಾರ್ಡರು ಮಾಡುವವನಿಗೆ ಅದೂ ದೊಡ್ಡದೇ. ಹಾಗೆ ಕೈಗೆ ಬಂದ ನಾಣ್ಯಗಳನ್ನು ಎಸೆಯಲಾರದೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕುತ್ತ ಬಂದರಂತೆ.

“ಕಳಕೊಂಡದ್ದು ಎಷ್ಟು ಅಂತಾದರೂ ತಿಳಿಯಬೇಕಲ್ಲ” ಎಂದು ಅವರು ಹೇಳುತ್ತಿದ್ದರು. ಫ್ಲೋರಾ ಫೌಂಟನ್ನಿನ ಕಾಲುದಾರಿಯಲ್ಲಿ ಹಳೆಯ ಪುಸ್ತಕ ಹರಡಿಕೊಂಡು ಕೂರುವವರ ಹತ್ತಿರ 1960ರ ದಶಕದ ಕೊನೆಯಲ್ಲಿ ಒಂದು ದಿನ ಈ ಪುಸ್ತಕ ಕಣ್ಣಿಗೆ ಬಿತ್ತು. ಚೌಕಾಸಿ ಮಾಡಿ ಕೊಂಡರು. ಆ ತಿಂಗಳು ಊರಿಗೆ ಹಣ ಕಡಿಮೆ ಬಂತೆಂದು ಅತ್ತೆಯವರು ಮೂವತ್ತು ವರ್ಷ ಕಳೆದರೂ ನೆನಪಿಟ್ಟುಕೊಂಡಿದ್ದರು.

ಪುಸ್ತಕ ಬರೆದವರು ಆರ್.ಎಸ್. ಯೋಮನ್ ಎಂಬ ಅಮೆರಿಕದವರು. ನಿಜವಾದ ಹೆಸರು ರಿಚರ್ಡ್ ಯೋ. ಪುಸ್ತಕಕ್ಕೆಂದು ಬಾಲ ಸೇರಿಸಿಕೊಂಡು ಯೋಮನ್ ಆದರು. ವಿಸ್ಕಾನ್ಸಿನ್ ರಾಜ್ಯದ ರಸೀನ್ ಎಂಬ ಊರಿನ ವಿಟ್‌ಮನ್ ಕಂಪನಿಯಲ್ಲಿ ಅವರ ಕೆಲಸ. ಆ ಕಂಪನಿ ಮಕ್ಕಳ ಪುಸ್ತಕ, ಆಟದ ಸಾಮಾನುಗಳನ್ನು ಮಾಡುತ್ತಿದ್ದದ್ದು. ರಟ್ಟಿನಲ್ಲಿ ತೂತು ಕೊರೆದು, ಒಂದೊಂದು ತೂತಿಗೆ ಒಂದೊಂದು ವರ್ಷದ ನಾಣ್ಯ ಒತ್ತಿಡುವ ಹಲಗೆಗಳನ್ನೂ ಅದು ಮಾರುತ್ತಿತ್ತು. ತೂತು ಇದ್ದ ಮೇಲೆ ತುಂಬುವ ಆಸೆ, ತುಂಬುವವನಿಗೆ ಬೆಲೆ ತಿಳಿಯುವ ಆಸೆ. ಹೀಗೆ 1946ರಲ್ಲಿ ಅಮೆರಿಕದ ನಾಣ್ಯಗಳಿಗೆ ಒಂದು ಕೆಂಪು ರಟ್ಟಿನ ಬೆಲೆಪುಸ್ತಕ ಬಂತು. 1957ರಲ್ಲಿ ಜಗತ್ತಿನ ಆಧುನಿಕ ನಾಣ್ಯಗಳಿಗೆಲ್ಲ ಇನ್ನೊಂದು ಬಂತು. ಆ ಎರಡನೆಯದರ ಮುಂದಿನ ಮುದ್ರಣಗಳಲ್ಲಿ ಒಂದು ಸಮುದ್ರ ದಾಟಿ, ಯಾರದೋ ಕೈಯಿಂದ ಕಾಲುದಾರಿಗೆ ಬಿದ್ದು, ನಮ್ಮ ಮಾವನವರ ಪಾಲಾಯಿತು.

ಆ ಪುಸ್ತಕದ ದೊಡ್ಡ ಉಪಕಾರ ಬೆಲೆಯದಲ್ಲ, ಕ್ರಮಸಂಖ್ಯೆಯದು. ಯೋಮನ್ ಒಂದೊಂದು ದೇಶದ ಒಂದೊಂದು ಬಗೆಯ ನಾಣ್ಯಕ್ಕೂ ಒಂದು ಸಂಖ್ಯೆ ಕೊಟ್ಟರು. ನಮ್ಮ ಶಾಲೆಯ ಹಾಜರಿ ಪುಸ್ತಕದ ಹಾಗೆ. ‘ಇಂಥ ದೇಶ, ಇಷ್ಟನೇ ನಂಬರು’ ಎಂದರೆ ಟೋಕಿಯೋದಲ್ಲಿ ಕುಳಿತವನಿಗೂ ಕುಂದಾಪುರದಲ್ಲಿ ಕುಳಿತವನಿಗೂ ಒಂದೇ ನಾಣ್ಯ ಕಣ್ಣಮುಂದೆ ಬರುತ್ತದೆ. ಅವರ ಹೆಸರಿನ ಮೊದಲಕ್ಷರ ‘ವೈ’ ಸೇರಿಸಿ ಹೇಳುವ ಆ ಸಂಖ್ಯೆಗಳನ್ನು ಸಂಗ್ರಹಕಾರರು ಆಮೇಲೆಯೂ ಬಳಸುತ್ತ ಬಂದರು. ಮಾವನವರು ಹೋಮಿಯೋಪತಿ ಡಾಕ್ಟರರಂತೆ ಬಿಳಿ ಕಾಗದದ ಪೊಟ್ಟಣ ಮಾಡಿ, ಒಂದೊಂದರಲ್ಲಿ ಒಂದೊಂದು ನಾಣ್ಯ ಇಟ್ಟು, ಮೇಲೆ ಪೆನ್ಸಿಲಿನಲ್ಲಿ ದೇಶದ ಹೆಸರು, ನಂಬರು ಬರೆದಿದ್ದರು. ಅಂಗೈ ತುಂಬುವ ಇಂಗ್ಲೆಂಡಿನ ಕಂಚಿನ ಪೆನ್ನಿಗಳು, ನಡುವೆ ತೂತಿರುವ ಪೂರ್ವ ಆಫ್ರಿಕಾದ ಹತ್ತು ಸೆಂಟುಗಳು, ಸಿಲೋನಿನ ಸೆಂಟುಗಳು. 1971ರಲ್ಲಿ ಇಂಗ್ಲೆಂಡು ದಶಮಾಂಶ ಪದ್ಧತಿಗೆ ಹೋಗಿ ಆ ದೊಡ್ಡ ಪೆನ್ನಿಯನ್ನು ಕೈಬಿಟ್ಟಾಗ, “ಇಷ್ಟು ದಿನ ಇಲ್ಲಿ ನಡೆಯುತ್ತಿರಲಿಲ್ಲ, ಈಗ ಅಲ್ಲಿಯೂ ನಡೆಯುವುದಿಲ್ಲ” ಎಂದು ನಕ್ಕಿದ್ದರಂತೆ.

ಇನ್ನು ನನ್ನ ಕಥೆಗೆ ಬರುತ್ತೇನೆ.

ಮದುವೆಯಾದ ವರ್ಷದ ದೀಪಾವಳಿ. ಹೊಸ ಸೊಸೆ, ಓದಿದವಳು, ಬಿ.ಎ., ಬಿ.ಎಡ್. ಬೇರೆ. ‘ಕಲಿತ ಹುಡುಗಿ, ಕೆಲಸಕ್ಕೆ ಬಗ್ಗುವುದಿಲ್ಲ’ ಎಂದು ಯಾರೂ ಅನ್ನಬಾರದೆಂದು ನನಗೆ ಒಳಗೊಳಗೇ ಹಟ. ನೀರು ತುಂಬುವ ಹಬ್ಬದ ಹಿಂದಿನ ದಿನ ಹಂಡೆ, ಕೊಡಪಾನ, ದೀಪದ ಕಂಬ ಎಲ್ಲವನ್ನೂ ಬಾವಿಕಟ್ಟೆಯ ಹತ್ತಿರ ರಾಶಿ ಹಾಕಿ ಹುಣಸೆಹಣ್ಣು, ಉಪ್ಪು, ಬೂದಿ ಹಾಕಿ ತಿಕ್ಕಿದೆ. ಹಂಡೆ ಕನ್ನಡಿಯಾಯಿತು. ಅತ್ತೆ ಹೊಗಳಿದರು. ಹೊಗಳಿಕೆ ತಲೆಗೇರಿತು. ಇನ್ನೇನು ಉಂಟು ತಿಕ್ಕಲು ಎಂದು ನೋಡುವಾಗ ಚಾವಡಿಯ ಗೂಡಿನಲ್ಲಿದ್ದ ಬಿಸ್ಕತ್ತಿನ ಡಬ್ಬಿ ನೆನಪಾಯಿತು. ಮಾವನವರು ಪೇಟೆಗೆ ಹೋಗಿದ್ದರು. ತೆರೆದರೆ ಒಳಗೆ ಜಿರಲೆ ವಾಸನೆ. ಪೊಟ್ಟಣದ ಕಾಗದಗಳು ಮಾಸಿ ಹುಳ ಹಿಡಿದಿವೆ. ನಾಣ್ಯಗಳೋ ಕಪ್ಪು, ಕಂದು, ಕೆಲವು ಹಸಿರು. ಅಯ್ಯೋ ಪಾಪ, ಹೆಂಗಸರು ಯಾರೂ ಈ ಡಬ್ಬಿಯ ಕಡೆ ನೋಡಿಲ್ಲ ಎಂದುಕೊಂಡೆ.

ಎಲ್ಲ ಪೊಟ್ಟಣ ಬಿಚ್ಚಿದೆ. ಕಾಗದಗಳನ್ನು ಬಚ್ಚಲ ಒಲೆಗೆ ಹಾಕಿದೆ. ತಾಮ್ರ, ಕಂಚಿನ ನಾಣ್ಯಗಳನ್ನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ ಒಂದೊಂದನ್ನೂ ಉಜ್ಜಿ ಉಜ್ಜಿ ತೊಳೆದೆ. ರಾಜರ ಮೂಗು, ರಾಣಿಯರ ಜಡೆ ಎಲ್ಲ ಫಳಫಳ ಹೊಳೆದವು. ಸ್ಟೀಲಿನ ದೊಡ್ಡ ಹರಿವಾಣದಲ್ಲಿ ಹರಡಿ, ಆಗತಾನೆ ಮಾಡಿದ ಹೋಳಿಗೆಯ ಹಾಗೆ ಚಾವಡಿಯಲ್ಲಿಟ್ಟೆ.

ಮಾವನವರು ಬಂದರು. ಕೊಡೆ ಮೂಲೆಗಿಟ್ಟರು. ಹರಿವಾಣ ನೋಡಿದರು. ನಿಂತೇ ನೋಡಿದರು. ಒಂದು ನಾಣ್ಯ ಎತ್ತಿ ಬೆಳಕಿಗೆ ಹಿಡಿದರು, ಅದನ್ನು ಅಲ್ಲಿಯೇ ಇಟ್ಟರು.

“ಎಲ್ಲ ತೊಳೆದೆಯಾ?”

“ಹೌದು ಮಾವ. ಬೆಳ್ಳಿಯದೊಂದು ಬಿಟ್ಟು ಎಲ್ಲ. ಅದನ್ನು ನಾಳೆ ವಿಭೂತಿ ಹಾಕಿ ತಿಕ್ಕುತ್ತೇನೆ.”

“ಬೇಡ, ಅದು ಹಾಗೇ ಇರಲಿ” ಎಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಅಡ್ಡಿಲ್ಲ. ಹೊಳೆಯುತ್ತವೆ” ಎಂದರು.

ಅಡ್ಡಿಲ್ಲ ಎಂದರೆ ನಮ್ಮ ಕಡೆ ಚೆನ್ನಾಗಿದೆ ಎಂದೂ ಆಗುತ್ತದೆ, ಇರಲಿ ಬಿಡು ಎಂದೂ ಆಗುತ್ತದೆ. ನಾನು ಮೊದಲನೆಯದೆಂದೇ ತಿಳಿದೆ. ಅಂದು ಸಂಜೆ ಅವರು ಕಾಫಿ ಬೇಡವೆಂದದ್ದನ್ನು ಪಿತ್ತ ಎಂದುಕೊಂಡೆ. ರಜೆ ಮುಗಿದು ಶಾಲೆಗೆ ಹೋದಾಗ ಸ್ಟಾಫ್ ರೂಮಿನಲ್ಲಿ ಈ ಪ್ರತಾಪವನ್ನು ಹೇಳಿಕೊಂಡದ್ದೂ ಉಂಟು.

ಮುಂದಿನ ಎರಡು ತಿಂಗಳು ಮಾವನವರು ದಿನಾ ಮಧ್ಯಾಹ್ನ ಚಾವಡಿಯಲ್ಲಿ ರೇಟು ಪುಸ್ತಕ ಬಿಚ್ಚಿಕೊಂಡು, ಕೈಯಲ್ಲಿ ಭೂತಗನ್ನಡಿ ಹಿಡಿದು ಕೂರುತ್ತಿದ್ದರು. ನಾಣ್ಯ ಹೊಳೆಯಲು ಶುರುವಾದ ಮೇಲೆ ಅವರಿಗೆ ಉತ್ಸಾಹ ಬಂದಿದೆಯೆಂದು ನಾನು ಅತ್ತೆಯ ಹತ್ತಿರ ಹೇಳಿದೆ. ಪೊಟ್ಟಣದ ಮೇಲಿನ ಹೆಸರು, ನಂಬರುಗಳನ್ನು ನಾನು ಒಲೆಗೆ ಹಾಕಿದ್ದೆನಲ್ಲ, ಅವನ್ನೆಲ್ಲ ಚಿತ್ರಕ್ಕೆ ಚಿತ್ರ ಹೋಲಿಸಿ ಮೊದಲಿನಿಂದ ಹುಡುಕುತ್ತಿದ್ದಾರೆಂದು ನನಗೆ ಹೊಳೆಯಲೇ ಇಲ್ಲ.

1995ರಲ್ಲಿ ನಮ್ಮವರ ಚಿಕ್ಕಪ್ಪನ ಮಗ ಅಮೆರಿಕದಿಂದ ಬರುವಾಗ ಮಾವನವರಿಗೆಂದು ಇನ್ನೊಂದು ರೇಟು ಪುಸ್ತಕ ತಂದ. ಇದು ಕ್ರೌಸ್ ಮತ್ತು ಮಿಶ್ಲರ್ ಅವರದು. ಟೆಲಿಫೋನ್ ಡೈರೆಕ್ಟರಿಗಿಂತ ದಪ್ಪ. “ಇದೊಂದರ ತೂಕಕ್ಕೆ ನಿಮಗೆಲ್ಲ ತರಬೇಕಾಗಿದ್ದ ಚಾಕಲೇಟು ಬಿಟ್ಟು ಬಂದೆ” ಎಂದು ಅವನು ಮಕ್ಕಳ ಹತ್ತಿರ ಬೈಸಿಕೊಂಡ. ಹತ್ತು ಹದಿನೈದು ವರ್ಷ ಹಳೆಯದಾದ್ದರಿಂದ ಅಲ್ಲಿ ಅಗ್ಗಕ್ಕೆ ಸಿಕ್ಕಿತಂತೆ. ಬೆಲೆ ಹೇಳುವ ಪುಸ್ತಕಕ್ಕೇ ಬೆಲೆ ಬೇಗ ಇಳಿಯುತ್ತದೆ ನೋಡಿ. 1980ರ ಜನವರಿಯಲ್ಲಿ ಬೆಳ್ಳಿಯ ದರ ಒಂದು ಔನ್ಸಿಗೆ 50 ಡಾಲರಿನ ಹತ್ತಿರಕ್ಕೆ ಹಾರಿ, ಕೆಲವೇ ವಾರಗಳಲ್ಲಿ ದೊಪ್ಪನೆ ಬಿತ್ತು. ಅಂಥ ಕಾಲದಲ್ಲಿ ಅಚ್ಚು ಹಾಕಿ ಮುಗಿಸುವುದರೊಳಗೆ ಬೆಳ್ಳಿ ನಾಣ್ಯದ ರೇಟೆಲ್ಲ ಸುಳ್ಳಾಗುತ್ತಿತ್ತು.

ಆ ಕ್ರೌಸ್ ಅವರ ಕಥೆ ಮಾವನವರಿಗೆ ಬಹಳ ಇಷ್ಟ. ಚೆಸ್ಟರ್ ಕ್ರೌಸ್ ಮನೆ ಕಟ್ಟುವ ಬಡಗಿ. ಅವರದೂ ವಿಸ್ಕಾನ್ಸಿನ್ನೇ, ಐಯೋಲಾ ಎಂಬ ಪುಟ್ಟ ಹಳ್ಳಿ. ಸುತ್ತಮುತ್ತ ತನ್ನ ಹುಚ್ಚಿನವರು ಯಾರೂ ಇಲ್ಲದ್ದರಿಂದ 1952ರಲ್ಲಿ ಮನೆಯಲ್ಲೇ ಕುಳಿತು ನಾಣ್ಯಪ್ರಿಯರಿಗಾಗಿ ಒಂದು ಪತ್ರಿಕೆ ಹೊರಡಿಸಿದರು. ಅದು ಬೆಳೆದು, ಕ್ಲಿಫರ್ಡ್ ಮಿಶ್ಲರ್ ಜೊತೆಗೂಡಿ, 1972ರಲ್ಲಿ ಈ ದಪ್ಪ ಪುಸ್ತಕದ ಮೊದಲ ಮುದ್ರಣ ಬಂತು. ಯೋಮನ್ನರಿಗೆ ‘ವೈ’ ಇದ್ದಂತೆ ಇವರ ಸಂಖ್ಯೆಗಳಿಗೆ ‘ಕೆ.ಎಂ.’. “ವಿಸ್ಕಾನ್ಸಿನ್ ಎಂದರೆ ಹಾಲು ಬೆಣ್ಣೆಯ ಸೀಮೆಯಂತೆ. ನಮ್ಮ ಹೋಟೆಲಿನವರ ಹಾಗೆ ಲೆಕ್ಕದವರೇ ಇರಬೇಕು” ಎನ್ನುತ್ತಿದ್ದರು ಮಾವನವರು.

ಈ ಪುಸ್ತಕದಲ್ಲಿ ಒಂದು ನಾಣ್ಯಕ್ಕೆ ಒಂದೇ ರೇಟಲ್ಲ. ವರ್ಷವರ್ಷಕ್ಕೆ ಬೇರೆ ಸಾಲು, ಆ ವರ್ಷ ಎಷ್ಟು ಅಚ್ಚಾಯಿತೆಂಬ ಲೆಕ್ಕ, ಮತ್ತೆ ಸವೆತಕ್ಕೆ ತಕ್ಕಂತೆ ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಕೈಯಿಂದ ಕೈಗೆ ಹೋಗದೇ ಉಳಿದದ್ದು ಎಂದು ಕಂಬಸಾಲುಗಳು. ಒಂದು ಕಂಬ ಎಡಕ್ಕೆ ಜಾರಿದರೆ ಬೆಲೆಯೂ ಜಾರಿತು. ನಾಣ್ಯದವರ ಭಾಷೆಯಲ್ಲಿ ‘ಗುಡ್’ ಎಂದರೆ ಹೆಚ್ಚುಕಡಿಮೆ ಪೂರ್ತಿ ಸವೆದು ಗುರುತು ಮಾತ್ರ ಉಳಿದದ್ದು ಎಂದು ಓದಿ ನನಗೆ ನಗು ಬಂತು. ಪ್ರಗತಿಪತ್ರದಲ್ಲಿ ನಾವು ಏನೂ ಬಾರದ ಹುಡುಗನಿಗೆ ಬರೆಯುವ ‘ಉತ್ತಮ’ದ ಹಾಗೆಯೇ!

ಅರಬ್ಬಿ ಅಂಕಿಗಳ, ಹಿಜರಿ ವರ್ಷಗಳ ಕೋಷ್ಟಕವೂ ಅದರಲ್ಲಿತ್ತು. ಮಾವನವರು ಎಪ್ಪತ್ತರ ಹತ್ತಿರದ ಪ್ರಾಯದಲ್ಲಿ ಅರಬ್ಬಿ ಅಂಕಿಗಳನ್ನು ಸ್ಲೇಟಿನ ಮೇಲೆ ಬರೆದು ಕಲಿತರು. ಒಂದು ದಿನ ಅತ್ತೆಯವರ ಪವನಿನ ಸರದ ಮೇಲೂ ಅವರ ಕಣ್ಣು ಬಿತ್ತು. ಪವನು ಎಂದರೆ ಇಂಗ್ಲೆಂಡಿನ ಸಾವರಿನ್ ತಾನೆ. ಹೆಚ್ಚುಕಡಿಮೆ 8 ಗ್ರಾಂ ತೂಕ, 22 ಕ್ಯಾರೆಟ್ ಚಿನ್ನ, ಒಂದು ಕಡೆ ದೊರೆ, ಇನ್ನೊಂದು ಕಡೆ ಕುದುರೆಯೇರಿ ಘಟಸರ್ಪವನ್ನು ಕೊಲ್ಲುವ ಸಂತ. 1918ರಲ್ಲಿ, ಮೊದಲನೆಯ ಮಹಾಯುದ್ಧದ ಹೊತ್ತಿಗೆ, ಅದನ್ನು ಮುಂಬಯಿಯ ಟಂಕಸಾಲೆಯಲ್ಲೂ ಅಚ್ಚು ಹಾಕಿದ್ದರು. ಸುಮಾರು 13 ಲಕ್ಷ. ಇಸವಿಯ ಮೇಲೆ ಇಂಡಿಯಾದ ಗುರುತಾಗಿ ‘ಐ’ ಎಂಬ ಪುಟ್ಟ ಅಕ್ಷರ. ಅದನ್ನು ಹುಡುಕಲೆಂದು ಮಾವನವರು ಭೂತಗನ್ನಡಿ ಹಿಡಿದು ಅತ್ತೆಯವರ ಕುತ್ತಿಗೆಯ ಹತ್ತಿರ ಬಗ್ಗಿದಾಗ ಮೊಮ್ಮಕ್ಕಳೆಲ್ಲ ಹೋ ಎಂದರು. ಅತ್ತೆ ನಾಚಿ, “ಥೂ, ಸರ ತೆಗೆದುಕೊಡುತ್ತೇನೆ, ದೂರ ಕೂತು ನೋಡಿ” ಎಂದರು. ಒಂದರಲ್ಲಿ ‘ಐ’ ಸಿಕ್ಕಿತು. ಆದರೆ ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರರು ಚಿನ್ನದ ತೂಕದ ಬೆಲೆಗಿಂತ ಹೆಚ್ಚೇನೂ ಕೊಡುವುದಿಲ್ಲ. “ಹೆಂಗಸರು ಕುತ್ತಿಗೆಗೆ ಹಾಕಿಕೊಂಡರೆ ಬೆಲೆ ಹೋಗ್ತದಾ? ಹಾಗಾದರೆ ಆ ಪುಸ್ತಕದವರಿಗೆ ಹೆಂಡತಿಯರು ಇರಲಿಲ್ಲವಾ?” ಎಂದು ಕೇಳಿದರು ಅತ್ತೆ. ಅದಕ್ಕೆ ಎರಡು ಪುಸ್ತಕದಲ್ಲೂ ಉತ್ತರವಿರಲಿಲ್ಲ.

ಆ ದಪ್ಪ ಪುಸ್ತಕದ ಜೊತೆ, ಹೊಸದಾಗಿ ನಾಣ್ಯ ಕೂಡಿಡುವವರಿಗೆ ಸಲಹೆ ಹೇಳುವ ತೆಳ್ಳನೆಯ ಇನ್ನೊಂದು ಪುಸ್ತಕವನ್ನೂ ಆ ಹುಡುಗ ತಂದಿದ್ದ. ಮಾವನವರ ಇಂಗ್ಲಿಷು ಗಲ್ಲಾದ ಇಂಗ್ಲಿಷು. ಅಂಕಿ, ದೇಶ, ತಾರೀಕು ಇವಕ್ಕೇನೂ ತೊಂದರೆಯಿಲ್ಲ. ಉದ್ದನೆಯ ವಾಕ್ಯ ಬಂದರೆ, “ಮಗೂ, ಬಾ, ನೀನು ಓದಿ ಹೇಳು” ಎನ್ನುತ್ತಿದ್ದರು. ಒಂದು ಭಾನುವಾರ ಮಧ್ಯಾಹ್ನ ಹಾಗೆಯೇ ಕುಳಿತು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಬೇಕು. ಒದ್ದೆ ಕೈಯಲ್ಲಿ ಮುಟ್ಟಬಾರದು. ಮೂರನೆಯ ಸಲಹೆ, ನಾಣ್ಯವನ್ನು ಯಾವ ಕಾರಣಕ್ಕೂ ಉಜ್ಜಿ ತೊಳೆಯಬಾರದು.

ತಾಮ್ರದ ಮೇಲೆ ವರ್ಷಗಟ್ಟಲೆ ಗಾಳಿ ತಾಗಿ ಕಟ್ಟುವ ಕಂದು ಪದರವೇ ಅದಕ್ಕೆ ಕವಚ. ಹುಳಿ ಆ ಕವಚವನ್ನು ಕರಗಿಸಿಬಿಡುತ್ತದೆ. ನಾರು, ಬೂದಿ ಲೋಹದ ಮೈಯನ್ನೇ ಕೆರೆದು ಸಣ್ಣ ಸಣ್ಣ ಗೀರು ಬೀಳಿಸುತ್ತವೆ. ಆಗ ಬರುವ ಹೊಳಪು ಟಂಕಸಾಲೆಯ ಹೊಳಪಲ್ಲ. ಗೊತ್ತಿದ್ದವರಿಗೆ ದೂರದಿಂದಲೇ ತಿಳಿಯುತ್ತದೆ. ತೊಳೆದ ನಾಣ್ಯ ಪುಸ್ತಕದ ಯಾವ ಕಂಬಸಾಲಿಗೂ ಸೇರುವುದಿಲ್ಲ. ಹೋದ ಪದರ ಮತ್ತೆ ಬರುವುದೂ ಇಲ್ಲ.

ಅಲ್ಲಿಗೆ ನನ್ನ ಗಂಟಲು ಕಟ್ಟಿತು. ಮೂರು ವರ್ಷದ ಹಿಂದಿನ ಬಾವಿಕಟ್ಟೆ, ತೆಂಗಿನ ನಾರು, ಹರಿವಾಣ, ಬೇಡವೆಂದ ಕಾಫಿ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ತಲೆಯೆತ್ತಿದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು. ಇದೆಲ್ಲ ಅವರಿಗೆ ಮುಂಬಯಿಯಲ್ಲಿದ್ದಾಗಲೇ ಗೊತ್ತಿತ್ತೆಂದು ಆ ಮುಖ ನೋಡಿದರೆ ತಿಳಿಯುತ್ತಿತ್ತು.

“ಯಾಕೆ ನಿಲ್ಲಿಸಿದೆ? ಮುಂದೆ ಓದು.”

“ಮಾವ, ನಾನು ಅವತ್ತು...”

“ಮುಂದೆ ಬೆಳ್ಳಿಯ ವಿಷಯ ಉಂಟಲ್ಲ, ಅದನ್ನು ಓದು” ಎಂದು ಪುಟ ತಿರುಗಿಸಿದರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಗ್ಲೆಂಡಿನ ಪೆನ್ನಿಗಳಲ್ಲಿ 1933ರದು ಬೆರಳೆಣಿಕೆಯಷ್ಟು ಮಾತ್ರ ಅಚ್ಚಾದದ್ದು, ಅದೊಂದು ಸಿಕ್ಕರೆ ಮನೆ ಕಟ್ಟಬಹುದು ಎಂದು ಮಾವನವರೇ ಮೊಮ್ಮಕ್ಕಳಿಗೆ ಹೇಳುತ್ತಿದ್ದದ್ದು ನೆನಪಾಯಿತು. ನಾನು ಉಜ್ಜಿದ ಪೆನ್ನಿಗಳಲ್ಲಿ ಅದೂ ಇದ್ದಿದ್ದರೆ? ಬೆಳಗ್ಗೆ ಎದ್ದವಳೇ ಅವರು ಬಾವಿಯ ಹತ್ತಿರ ಮುಖ ತೊಳೆಯುತ್ತಿರುವಾಗ ಹೋಗಿ ಕೇಳಿಯೇ ಬಿಟ್ಟೆ. ಅವರು ಬೈರಾಸಿನಿಂದ ಮುಖ ಒರೆಸಿಕೊಂಡು, “ಇರಲಿಲ್ಲ ಮಗೂ. ಇದ್ದಿದ್ದರೆ ನಾನು ಗಲ್ಲಾದ ಮೇಲೆ ಅಷ್ಟು ವರ್ಷ ಯಾಕೆ ಕೂರುತ್ತಿದ್ದೆ?” ಎಂದರು. ಇಬ್ಬರೂ ನಕ್ಕೆವು. ಅಷ್ಟೇ. ಆ ವಿಷಯ ಮತ್ತೆ ಆ ಮನೆಯಲ್ಲಿ ಬರಲಿಲ್ಲ.

2003ರಲ್ಲಿ ಮಾವನವರು ತೀರಿಕೊಂಡರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಭಾವ, ನಾದಿನಿ, ನಾವು ಎಲ್ಲ ಚಾವಡಿಯಲ್ಲಿ ಕೂತಿದ್ದಾಗ ಡಬ್ಬಿಯ ಮಾತು ಬಂತು. ಅಪ್ಪ ಇಡೀ ಆಯುಸ್ಸು ಕೂಡಿಟ್ಟದ್ದು, ಒಳಗೆ ಏನುಂಟೋ ಎಂದು ಎಲ್ಲರಿಗೂ ಸ್ವಲ್ಪ ಆಸೆ. ಭಾವನವರ ಕೈಗೆ ಮೊದಲು ಸಿಕ್ಕಿದ್ದು ಆ ಒಂದೇ ಬೆಳ್ಳಿಯ ನಾಣ್ಯ. ದಪ್ಪ ಮೈಯ ರಾಣಿ, ಕೆಳಗೆ ಸ್ಪಷ್ಟವಾಗಿ 1780! “ಇನ್ನೂರು ವರ್ಷದ ಮೇಲಾಯಿತು, ಇದೊಂದೇ ಸಾಕು” ಎಂದು ಅವರು ಎದ್ದು ಕೂತರು. ನಾನು ದಪ್ಪ ಪುಸ್ತಕ ತೆಗೆದು ಆಸ್ಟ್ರಿಯಾ ದೇಶದ ಪುಟ ಹುಡುಕಿದೆ. ಅದು ಮರಿಯಾ ತೆರೇಸಾ ಥಾಲರ್. ರಾಣಿ ತೀರಿಕೊಂಡದ್ದು 1780ರಲ್ಲಿ. ಆದರೆ ಅರಬಸ್ತಾನ, ಇಥಿಯೋಪಿಯಾದ ವ್ಯಾಪಾರಿಗಳು ಆ ಮುಖವಿಲ್ಲದ ಬೆಳ್ಳಿಯನ್ನು ನಂಬುತ್ತಿರಲಿಲ್ಲವಾದ್ದರಿಂದ ಅದೇ ಇಸವಿ ಹಾಕಿ ಅಚ್ಚು ಮಾಡುತ್ತಲೇ ಬಂದರು. 1940-41ರಲ್ಲಿ ನಮ್ಮ ಮುಂಬಯಿಯ ಟಂಕಸಾಲೆಯಲ್ಲೂ ಮಾಡಿದ್ದರು. ವಿಯೆನ್ನಾದಲ್ಲಿ ಇಂದಿಗೂ ಮಾಡುತ್ತಾರೆ. ಹಾಗಾಗಿ ಅದಕ್ಕೆ ಬೆಳ್ಳಿಯ ತೂಕದ ಬೆಲೆಯೇ ಹೊರತು ಹೆಚ್ಚಿನದಿಲ್ಲ. ಪೊಟ್ಟಣದ ಮೇಲೆಯೂ ಮಾವನವರು ‘ಮರು ಅಚ್ಚು. ಚೋರ್ ಬಜಾರ್. ಬೆಳ್ಳಿಯ ಬೆಲೆಗೆ ಕೊಂಡದ್ದು’ ಎಂದು ಬರೆದಿಟ್ಟಿದ್ದರು. ಭಾವ ಮತ್ತೆ ಗೋಡೆಗೆ ಒರಗಿದರು.

ಆಮೇಲೆ ನಾನು ಉಳಿದ ಪೊಟ್ಟಣಗಳನ್ನು ಬಿಚ್ಚತೊಡಗಿದೆ. ದೇಶದ ಹೆಸರು, ಯೋಮನ್ ನಂಬರು, ಕೆಲವದರಲ್ಲಿ ಕ್ರೌಸ್ ನಂಬರು. ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಕನ್ನಡದಲ್ಲಿ ಒಂದೇ ಒಂದು ಪದ: ‘ತೊಳೆದದ್ದು’. ಮುಂದಿನದರಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಒಟ್ಟು 63 ಪೊಟ್ಟಣಗಳು.

ನಾದಿನಿ ಇಣುಕಿ ನೋಡಿ, “ಅಪ್ಪ ಇವನ್ನೆಲ್ಲ ಯಾವಾಗ ತೊಳೆದರು?” ಎಂದು ಕೇಳಿದಳು. ಅವರು ಯಾರ ಹತ್ತಿರವೂ ಹೇಳಿರಲಿಲ್ಲ. ಅತ್ತೆಯ ಹತ್ತಿರ ಕೂಡ. “ಅಪ್ಪ ಅಲ್ಲ, ನಾನು” ಎಂದೆ. ಹನ್ನೊಂದು ವರ್ಷದ ಮೇಲೆ ಆ ಮಾತು ನನ್ನ ಬಾಯಿಂದಲೇ ಹೊರಗೆ ಬಂತು. ಡಬ್ಬಿ ಯಾರಿಗೆ ಎಂಬ ಪ್ರಶ್ನೆಗೆ ಅತ್ತೆಯವರೇ ತೀರ್ಪು ಕೊಟ್ಟರು. “ತೊಳೆದವಳೇ ಇಟ್ಟುಕೊಳ್ಳಲಿ.”

ಮೂವತ್ತು ವರ್ಷ ಪಾಠ ಹೇಳಿದವಳು ನಾನು. ಮಕ್ಕಳು ತಪ್ಪು ಮಾಡಿದಾಗ ನಮಗೆ ಗೊತ್ತಿರುವ ದಾರಿ ಎರಡೇ. ಒಂದೋ ತರಗತಿಯ ಎದುರಿಗೆ ನಿಲ್ಲಿಸಿ ಬೈಯುವುದು. ಇಲ್ಲ, ಪಾಪ ಎಂದು ಎರಡು ಅಂಕ ಸುಮ್ಮನೆ ಸೇರಿಸಿ ಮುಂದೆ ದಾಟಿಸುವುದು. ನಾನು ಎರಡನ್ನೂ ಧಾರಾಳವಾಗಿ ಮಾಡಿದ್ದೇನೆ. ಒಮ್ಮೆ ನಕ್ಷೆಯ ಮೇಲೆ ಶಾಯಿ ಚೆಲ್ಲಿದ ಹುಡುಗಿಯೊಬ್ಬಳನ್ನು ಎಲ್ಲರೆದುರು ಬೈದದ್ದಕ್ಕೆ ಅವಳು ಒಂದು ವಾರ ಶಾಲೆಗೇ ಬಂದಿರಲಿಲ್ಲ. ಮಾವನವರು ಎರಡನ್ನೂ ಮಾಡಲಿಲ್ಲ. ಮನೆಗೆ ಬಂದು ಆರು ತಿಂಗಳಾಗದ ಹುಡುಗಿಯ ಮುಖ ಸಣ್ಣದಾಗಬಾರದೆಂದು ‘ಅಡ್ಡಿಲ್ಲ’ ಎಂದರು. ಆದರೆ ಪೊಟ್ಟಣದ ಮೇಲೆ ಸುಳ್ಳು ಬರೆಯಲಿಲ್ಲ. ನಾಳೆ ಯಾರಾದರೂ ಹೊಳಪು ನೋಡಿ ಮೋಸ ಹೋಗಬಾರದಲ್ಲ, ಅದಕ್ಕೆ. ಗಲ್ಲಾದ ಮೇಲೆ ಕುಳಿತು ಲೆಕ್ಕ ಒಪ್ಪಿಸಿದ ಮನುಷ್ಯ. ತೊಳೆದವಳ ಹೆಸರೂ ಅಲ್ಲಿರಲಿಲ್ಲ, ತಾರೀಕೂ ಇರಲಿಲ್ಲ.

ಈಗ ಎರಡು ಪುಸ್ತಕವೂ ನನ್ನ ಕಪಾಟಿನಲ್ಲಿವೆ. ಅಂಥ ದಪ್ಪ ಪುಸ್ತಕಗಳ ಕಾಲ ಮುಗಿಯಿತು. ಚೆಸ್ಟರ್ ಕ್ರೌಸ್ 2016ರಲ್ಲಿ ತೀರಿಕೊಂಡರು. ಅವರ ಪ್ರಕಾಶನವನ್ನು ಕೊಂಡಿದ್ದ ಕಂಪನಿ 2019ರಲ್ಲಿ ದಿವಾಳಿಯಾಯಿತು. ಈಗ ಬೆಲೆ ಬೇಕಾದವರು ಮೊಬೈಲಿನಲ್ಲಿ ನೋಡುತ್ತಾರೆ. ನಮ್ಮ ಪುಸ್ತಕಗಳಲ್ಲಿರುವ ರೇಟು ಒಂದೂ ಇಂದು ನಡೆಯುವುದಿಲ್ಲ. ಆದರೆ ಚಿತ್ರ, ನಂಬರು, ಇಸವಿ ಎಲ್ಲ ಸರಿಯಾಗಿಯೇ ಇವೆ. ಭೂಪಟದಿಂದ ಹೆಸರು ಅಳಿದುಹೋದ ದೇಶಗಳೂ ಅಲ್ಲಿ ಹಾಗೆಯೇ ಇವೆ. ಮಲಯದ ಜಲಸಂಧಿಯ ವಸಾಹತುಗಳು, ಜಂಜಿಬಾರಿನ ಸುಲ್ತಾನರು, ನಮ್ಮ ಹೈದರಾಬಾದಿನ ನಿಜಾಮರು, ತಿರುವಾಂಕೂರಿನ ಅರಸರು.

ಎಂಟನೇ ತರಗತಿಗೆ ಸಮಾಜ ವಿಜ್ಞಾನ ಪಾಠ ಮಾಡುವಾಗ ವರ್ಷಕ್ಕೊಮ್ಮೆ ಆ ಡಬ್ಬಿಯನ್ನು ಶಾಲೆಗೆ ಒಯ್ಯುತ್ತೇನೆ. ಬೆಲೆಬಾಳುವ ನಾಣ್ಯವಾದರೆ ಮಕ್ಕಳ ಕೈಗೆ ಕೊಡಲು ಹೆದರಿಕೆಯಾಗುತ್ತದೆ. ಇವಕ್ಕೆ ಆ ಭಯವಿಲ್ಲ; ಹೋಗುವುದೆಲ್ಲ ಆಗಲೇ ಹೋಗಿದೆ. ತೂತಿನ ನಾಣ್ಯವನ್ನು ಕಣ್ಣಿಗೆ ಹಿಡಿದು ಒಬ್ಬರನ್ನೊಬ್ಬರು ನೋಡುತ್ತಾರೆ, ಪೆನ್ನಿಯನ್ನು ಬೆಂಚಿನ ಮೇಲೆ ತಿರುಗಿಸುತ್ತಾರೆ, ಪುಸ್ತಕದಲ್ಲಿ ಚಿತ್ರ ಹುಡುಕಿ ನಂಬರು ಹೇಳಲು ಪೈಪೋಟಿ ಮಾಡುತ್ತಾರೆ.

ಈ ವರ್ಷ ಡಬ್ಬಿ ಒಯ್ದ ಮಾರನೆಯ ದಿನ ಒಬ್ಬಳು ಹುಡುಗಿ ಕರವಸ್ತ್ರದ ಗಂಟು ಹಿಡಿದು ಬಂದಳು. ಅವಳ ಅಪ್ಪ ದುಬೈಯಲ್ಲಿದ್ದಾರೆ. ಗಂಟಿನಲ್ಲಿ ಒಂದು ದಿರ್ಹಮ್. ಕೊಕ್ಕಿನಂಥ ಮೂತಿಯ ಕಾಫಿ ಹೂಜಿಯ ಚಿತ್ರ.

“ಟೀಚರ್, ಕಪ್ಪಾಗಿತ್ತು. ಹುಣಸೆಹಣ್ಣು ಹಾಕಿ ಚಂದ ಮಾಡಿ ತಿಕ್ಕಿ ತಂದಿದ್ದೇನೆ” ಎಂದಳು.

ಅವಳ ಮುಖ ನಾಣ್ಯಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ನಾಣ್ಯ ತೊಳೆಯಬಾರದೆಂಬ ಪಾಠವನ್ನು ಮುಂದಿನ ವಾರ ಇಡೀ ತರಗತಿಗೆ ಹೇಳಿದರಾಯಿತು ಎಂದುಕೊಂಡೆ. “ಅಡ್ಡಿಲ್ಲ” ಎಂದೆ. ಇಬ್ಬರೂ ಕೂತು ದಪ್ಪ ಪುಸ್ತಕದಲ್ಲಿ ಹುಡುಕಿದೆವು. ಹೂಜಿಯ ಚಿತ್ರ ಸಿಕ್ಕಿತು. ಹುಡುಗಿ ಕುಣಿದಳು. ನಾನು ಒಂದು ಬಿಳಿ ಕಾಗದ ಮಡಚಿ, ಪೊಟ್ಟಣ ಮಾಡಿ, ಮೇಲೆ ಪೆನ್ಸಿಲಿನಲ್ಲಿ ದೇಶದ ಹೆಸರು, ನಂಬರು ಬರೆದೆ. ಅದರ ಕೆಳಗೆ, ಚಿಕ್ಕ ಅಕ್ಷರದಲ್ಲಿ, ಬರೆಯಬೇಕಾದದ್ದನ್ನೂ ಬರೆದೆ.